ತೋಟದ ಸಾಗುವಾನಿಯೋ, ಪೆಟ್ಟಿಗೆಯಲ್ಲಿ ಬರುವ ಹಲಗೆಯೋ: ಮಲೆನಾಡಿನ ಮನೆಗೆ ಮರದ ನೆಲ ಹಾಕಿಸಿದ್ದು

ಮೇಲಂತಸ್ತಿನ ಮೂರು ಕೋಣೆಗೆ ಮರದ ನೆಲ ಹಾಕಿಸಿ ಒಂದು ಪೂರ್ತಿ ಮಳೆಗಾಲ ಕಳೆಯಿತು. ಅದಕ್ಕೇ ಇಷ್ಟು ದಿನ ಕಾದು ಈಗ ಬರೆಯುತ್ತಿದ್ದೇನೆ. ನಮ್ಮ ಕಡೆ ಮರದ ನೆಲ ಹೇಗಿದೆ ಅಂತ ಫೆಬ್ರುವರಿಯಲ್ಲಿ ಯಾರನ್ನು ಕೇಳಿದರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಆಗಸ್ಟ್‌ನಲ್ಲಿ ಕೇಳಬೇಕು.

ಮನೆ ಇರುವುದು ಶಿವಮೊಗ್ಗ ಜಿಲ್ಲೆಯ ಘಟ್ಟದ ಅಂಚಿನಲ್ಲಿ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಜುಲೈನಲ್ಲಿ ಬಟ್ಟೆ ಒಣಗಬೇಕೆಂದರೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಲೇಬೇಕು. ಹಳೆಯ ಮನೆಯ ಉಪ್ಪರಿಗೆಗೆ ಮರದ ಮುಚ್ಚಿಗೆ ಇತ್ತು. ತೊಲೆಯ ತುದಿಗಳನ್ನು ಗೆದ್ದಲು ತಿಂದು ಮುಗಿಸಿದ್ದರಿಂದ ಅದನ್ನು ಬಿಚ್ಚಿ ಆರ್‌ಸಿಸಿ ಹಾಕಿಸಿದೆವು. ನೆಲಕ್ಕೆ ಏನು ಅನ್ನುವ ಮಾತು ಬಂದಾಗ ಅತ್ತೆ, "ಟೈಲ್ಸ್ ಮಾತ್ರ ಬೇಡ, ಮಳೆಗಾಲದಲ್ಲಿ ಕಾಲಿಟ್ರೆ ಮಂಡಿವರೆಗೂ ಸೆಳೀತದೆ" ಅಂದರು. ಮಾವನಿಗೆ ಬೇರೆಯೇ ಲೆಕ್ಕ. ತೋಟದ ಅಂಚಿನಲ್ಲಿ ಅವರೇ ನೆಟ್ಟು ಬೆಳೆಸಿದ ಸಾಗುವಾನಿ ಮರಗಳಿದ್ದವು. "ಮನೇಲೇ ಮರ ಇಟ್ಕೊಂಡು ಪೇಟೆಯಿಂದ ಎಂತ ತರೋದು ಮಾರಾಯ್ತಿ?"

ಹಾಗಾಗಿ ಆರಂಭದಲ್ಲಿ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಗಟ್ಟಿ ಸಾಗುವಾನಿ ಹಲಗೆ, ಅಷ್ಟೆ.

ಸ್ವಂತ ಜಾಗದ ಮರವಾದರೂ ಸಾಗುವಾನಿ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು; 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ. ಅಡಿಕೆ, ತೆಂಗು, ರಬ್ಬರ್, ಸಿಲ್ವರ್ ಓಕ್‌ನಂಥವಕ್ಕೆ ಈ ಅನುಮತಿಯ ತಾಪತ್ರಯವಿಲ್ಲ. ಅರ್ಜಿ, ಪಹಣಿ, ಸರ್ವೆ ನಕ್ಷೆ, ಯಾವ ಮರ ಎಷ್ಟು ಸುತ್ತಳತೆ ಅನ್ನುವ ಪಟ್ಟಿ, ಗುರುತಿನ ಚೀಟಿ: ಇಷ್ಟು ಸಾಕು ಅಂದುಕೊಂಡಿದ್ದೆವು. ಎರಡು ಕಡೆ ಸಿಕ್ಕಿಕೊಂಡಿತು. ಪಹಣಿ ಮಾವ ಮತ್ತು ಅವರ ತಮ್ಮನ ಜಂಟಿ ಹೆಸರಿನಲ್ಲಿತ್ತು. ಚಿಕ್ಕಮಾವ ಮೈಸೂರಿನಲ್ಲಿದ್ದಾರೆ, ಅವರ ಒಪ್ಪಿಗೆ ಪತ್ರ ಬರಬೇಕಾಯಿತು. ಎರಡನೆಯದು ಸ್ವಲ್ಪ ದೊಡ್ಡದು. ತೋಟದ ಆಚೆ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಕಾಡು. ಮರಗಳು ಹಿಡುವಳಿಯೊಳಗಿವೆಯೋ ಬೆಟ್ಟದೊಳಗಿವೆಯೋ ಅನ್ನುವುದು ಕಾಗದದ ಮೇಲೆ ಖಚಿತವಾಗಬೇಕು, ಅದಕ್ಕೆ ಸರ್ವೆಯವರು ಬಂದು ಅಳೆಯಬೇಕು. ಮಳೆ ಹಿಡಿದರೆ ಅಳತೆ ಮುಂದಕ್ಕೆ. ಅಳತೆಯಾಗಿ ಬಂದಾಗ ಒಂದು ಮರ ಗಡಿಯ ಮೇಲೇ ನಿಂತಿತ್ತು, ಅದನ್ನು ಬಿಟ್ಟೆವು. ನಾಲ್ಕು ಮರಕ್ಕೆ ಅನುಮತಿ ಸಿಕ್ಕಿತು.

ನಿಮಗೂ ಮನೆಯ ಮರ ಬಳಸುವ ಆಸೆಯಿದ್ದರೆ, ಮನೆಯ ನಕ್ಷೆ ಬರೆಸುವ ಮೊದಲೇ ಈ ಅರ್ಜಿ ಹಾಕಿಬಿಡಿ. ಪಾಯ ತೆಗೆದ ಮೇಲೆ ಹಾಕಿದರೆ ಮನೆಯೇ ಮರಕ್ಕಾಗಿ ಕಾಯುತ್ತಾ ಕೂರುತ್ತದೆ. ಇನ್ನೊಂದು: ಕಡಿದ ಮೇಲೂ ಕಾಗದದ ಕೆಲಸ ಮುಗಿಯುವುದಿಲ್ಲ. ದಿಮ್ಮಿಗಳಿಗೆ ನಂಬರ್ ಹಾಕಿ, ಇಲಾಖೆಯ ಸುತ್ತಿಗೆ ಮುದ್ರೆ ಬಿದ್ದು, ಸಾಗಾಟದ ಪಾಸ್ ಕೈಗೆ ಬರುವವರೆಗೆ ಲಾರಿ ಹೊರಡುವ ಹಾಗಿಲ್ಲ. ಪಾಸ್ ಇಲ್ಲದ ನಾಟಾವನ್ನು ಸಾಮಿಲ್‌ನವರು ಒಳಗೆ ಬಿಡುವುದಿಲ್ಲ. ಆ ಕಾಗದಗಳ ಜೆರಾಕ್ಸ್ ಈಗಲೂ ಇಟ್ಟುಕೊಂಡಿದ್ದೇನೆ.

ಸಾಮಿಲ್‌ನಲ್ಲಿ ಮಾವನ ಲೆಕ್ಕ ತಲೆಕೆಳಗಾಯಿತು. ಮರಗಳ ಸುತ್ತಳತೆ ಸರಾಸರಿ 4 ಅಡಿ, ಉಪಯೋಗಕ್ಕೆ ಬರುವ ಉದ್ದ 20 ಅಡಿ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸುವುದು ಇಲ್ಲಿನ ರೂಢಿ. ಹಾಗೆ ನೋಡಿದರೆ ಮರಕ್ಕೆ 20 ಘನ ಅಡಿ, ನಾಲ್ಕಕ್ಕೆ 80. ನಮಗೆ ಬೇಕಾದದ್ದು 640 ಚದರ ಅಡಿ ನೆಲ, ಒಂದಿಂಚು ದಪ್ಪದ ಹಲಗೆಗೆ 53 ಘನ ಅಡಿ ಸಾಕು. ಬೇಕಾದಷ್ಟಾಯಿತಲ್ಲ ಅಂತ ಮಾವ ಖುಷಿಯಲ್ಲಿದ್ದರು. ಸೀಳಿದ ಮೇಲೆ ಹಲಗೆಯ ಲೆಕ್ಕಕ್ಕೆ ಬಂದದ್ದು ಐವತ್ತರ ಆಸುಪಾಸು. ಅದರಲ್ಲೂ ಅಂಚಿನಲ್ಲಿ ಎರಡು ಬೆರಳಗಲ ಬಿಳಿ ಮರ. ಮೂವತ್ತು ಚಿಲ್ಲರೆ ವರ್ಷದ ಮರದಲ್ಲಿ ಕೆಚ್ಚು ಪೂರ್ತಿ ಬಲಿತಿರುವುದಿಲ್ಲ. ಬಿಳಿ ಭಾಗಕ್ಕೆ ಕುಟ್ಟೆ ಹುಳು ಬೀಳುವುದು ಖಂಡಿತ, ಅದನ್ನು ತೆಗೆಯಲೇಬೇಕು. ಗಂಟು ಇರುವುದು, ಸೀಳು ಬಿಟ್ಟದ್ದು, ತಿರುಚಿಕೊಂಡದ್ದು ಎಲ್ಲ ಬದಿಗಿಟ್ಟರೆ ನೆಲಕ್ಕೆ ಯೋಗ್ಯವಾದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅದನ್ನು ಹತ್ತರಿ ಹೊಡೆದು, ಒಂದು ಹಲಗೆಯ ಅಂಚು ಪಕ್ಕದ್ದರೊಳಗೆ ಕೂರುವ ಕಚ್ಚು (ಟಂಗ್-ಗ್ರೂವ್) ಕೊರೆದರೆ 300 ಚದರ ಅಡಿ ಮುಚ್ಚಬಹುದು, ಅದೂ ಕಷ್ಟಪಟ್ಟು.

ಉಳಿದದ್ದನ್ನು ಕೊಳ್ಳೋಣ ಅಂತ ವಿಚಾರಿಸಿದರೆ ಸೀಳಿದ ಒಳ್ಳೆಯ ಸಾಗುವಾನಿಗೆ ಘನ ಅಡಿಗೆ ₹4,500 ಹೇಳಿದರು. 'ಬರ್ಮಾ ಟೀಕ್' ಅಂತ ಅದಕ್ಕಿಂತ ಎಷ್ಟೋ ಹೆಚ್ಚಿಗೆ ಹೇಳಿದವರೂ ಇದ್ದರು. ಮ್ಯಾನ್ಮಾರ್ ದೇಶ ದಿಮ್ಮಿ ರಫ್ತನ್ನು 2014ರ ಏಪ್ರಿಲ್‌ನಲ್ಲೇ ನಿಲ್ಲಿಸಿದೆ. ಈಗ ಆ ಹೆಸರಿನಲ್ಲಿ ಸಿಗುವುದರಲ್ಲಿ ಆಫ್ರಿಕಾದ, ಲ್ಯಾಟಿನ್ ಅಮೆರಿಕದ ಪ್ಲಾಂಟೇಶನ್ ಮರ ಎಷ್ಟಿದೆಯೋ ಅಂಗಡಿಯವರಿಗೇ ಗೊತ್ತು. ಮರ ಸಾಗುವಾನಿ ಹೌದೋ ಅಲ್ಲವೋ ಅನ್ನುವ ಸಂಶಯವಿದ್ದರೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟರೆ ಜಾತಿ ಗುರುತಿಸಿ ಕೊಡುತ್ತಾರೆ. ದೊಡ್ಡ ಮೊತ್ತ ಹಾಕುವವರು ಇದನ್ನು ನೆನಪಿಟ್ಟುಕೊಳ್ಳಿ.

ಇದರ ನಡುವೆ ಒಣಗಿಸುವ ಕೆಲಸ. ಕೊಟ್ಟಿಗೆಯ ಮಾಡಿನಡಿ ಹಲಗೆ ಪೇರಿಸಿ, ಪದರದ ನಡುವೆ ರೀಪು ಕೊಟ್ಟು, ಮೇಲೆ ಕಲ್ಲು ಹೇರಿ ಇಟ್ಟೆವು. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ. ನಾನು ಸುಮಾರು ₹1,800 ಕೊಟ್ಟು ಎರಡು ಸೂಜಿಯ ತೇವಾಂಶ ಮಾಪಕ ತರಿಸಿಕೊಂಡೆ. ಈ ಇಡೀ ವ್ಯವಹಾರದಲ್ಲಿ ಅಷ್ಟು ಉಪಯೋಗಕ್ಕೆ ಬಂದ ವಸ್ತು ಇನ್ನೊಂದಿಲ್ಲ. ಮೊದಲು ಸೂಜಿ ಊರಿದಾಗ ಶೇಕಡಾ 28 ತೋರಿಸಿತು. ಬೇಸಿಗೆಯಲ್ಲಿ ಸರಸರ ಇಳಿಯಿತು. ಜೂನ್ ಬಂತು, 18ರಲ್ಲಿ ನಿಂತಿತು. ಆಮೇಲೆ ಒಂದೆರಡು ಅಂಶ ಮೇಲಕ್ಕೂ ಹೋಯಿತು. ಮಾವ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು, "ಇವತ್ತು ಎಷ್ಟೇ?" ಅಂತ ಕೇಳುವುದು, ನಾನು ಅದೇ ಅಂಕಿ ಹೇಳುವುದು.

ಬಡಗಿ ಆಚಾರ್ರು ಬಂದದ್ದು ಆ ಹೊತ್ತಿಗೆ. ಹಳೆಯ ಮುಚ್ಚಿಗೆಯ ರಿಪೇರಿಯನ್ನೆಲ್ಲ ಅವರ ತಂದೆಯೇ ಮಾಡುತ್ತಿದ್ದರಂತೆ. ನನ್ನ ಮಾಪಕವನ್ನು ತಿರುಗಿಸಿ ನೋಡಿ ಕೆಳಗಿಟ್ಟರು.

"ಅಕ್ಕಾ, ಹಳೇ ಉಪ್ಪರಿಗೇಲಿ ಹಲಗೆ ಸಂದಿಯಿಂದ ಕೆಳಗೆ ಬೆಳಕು ಬೀಳ್ತಿತ್ತಾ ಇಲ್ವಾ?"

ಬೀಳುತ್ತಿತ್ತು. ಅಕ್ಕಿಯೂ ಬೀಳುತ್ತಿತ್ತು ಅಂದರು ಅತ್ತೆ.

"ಹಾಂ. ಮಳೆಗಾಲದಲ್ಲಿ ಮುಚ್ಕೊಳ್ತಿತ್ತು, ಬೇಸಿಗೇಲಿ ಬಿಟ್ಕೊಳ್ತಿತ್ತು. ಅಡಿಗೆ ಗಾಳಿ, ಮೇಲೆ ಗಾಳಿ, ಒಲೆ ಹೊಗೆ ಬೇರೆ. ಈಗ ನೀವು ಕಾಂಕ್ರೀಟಿಗೆ ಅಂಟಿಸಿ, ಸಂದಿ ಕಾಣ್ಬಾರ್ದು ಅಂತೀರಿ. ಮರ ಸುಮ್ನಿರ್ತದಾ?"

ಅವರು ಹೇಳಿದ್ದನ್ನು ಆ ರಾತ್ರಿ ಲೆಕ್ಕ ಹಾಕಿದೆ. ನಮ್ಮಲ್ಲಿ ಮಳೆಗಾಲದ ಮತ್ತು ಮಾರ್ಚ್‌ನ ಗಾಳಿಯ ತೇವದ ವ್ಯತ್ಯಾಸಕ್ಕೆ ಹಲಗೆಯೊಳಗಿನ ತೇವಾಂಶ ಆರು ಅಂಶವಾದರೂ ಏರಿಳಿಯುತ್ತದೆ. ಸಾಮಿಲ್‌ನಲ್ಲಿ ಸಾಮಾನ್ಯವಾಗಿ ಸೀಳುವ ರೀತಿಯ ಸಾಗುವಾನಿ ಹಲಗೆ ಒಂದು ಅಂಶಕ್ಕೆ ಅಗಲದಲ್ಲಿ ಶೇಕಡಾ 0.2ರ ಹತ್ತಿರ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಐದಿಂಚು ಅಗಲದ ಹಲಗೆಗೆ ಅದು ಒಂದೂವರೆ ಮಿಲಿಮೀಟರ್. ಒಂದೇ ಹಲಗೆಯಾದರೆ ಏನೂ ಅಲ್ಲ. 12 ಅಡಿಯ ಕೋಣೆಗೆ ಅಂಥ 28-29 ಹಲಗೆ ಬರುತ್ತವೆ, ಒಟ್ಟು ನಾಲ್ಕು ಸೆಂಟಿಮೀಟರ್. ಅಷ್ಟು ಹಿಗ್ಗಲು ಜಾಗ ಕೊಡದಿದ್ದರೆ ನೆಲ ನಡುವೆ ಎದ್ದು ನಿಲ್ಲುತ್ತದೆ. ಮರದ ಉಂಗುರಗಳಿಗೆ ಅಡ್ಡವಾಗಿ, ಅಂದರೆ ದಿಮ್ಮಿಯನ್ನು ನಾಲ್ಕು ಹೋಳು ಮಾಡಿ ಸೀಳಿಸಿದರೆ ಈ ಚಲನೆ ಅರ್ಧಕ್ಕಿಳಿಯುತ್ತದೆ, ಆದರೆ ನಾಲ್ಕಡಿ ಸುತ್ತಿನ ಮರದಲ್ಲಿ ಹಾಗೆ ಸೀಳಿದರೆ ಹಲಗೆಯ ಅಗಲವೇ ಉಳಿಯುವುದಿಲ್ಲ.

ಯಂತ್ರದಲ್ಲಿ ಸೀಸನಿಂಗ್ ಮಾಡಿಸಿ, ಅಂದರೆ ಒಣಗಿಸಿ, ಅನ್ನುವ ಸಲಹೆ ಬಂತು. ಮಾಡಿಸಬಹುದು, ಮಾಡಿಸಲೇಬೇಕು ಕೂಡ. ಆದರೆ 8ಕ್ಕೆ ಇಳಿಸಿ ತಂದ ಹಲಗೆ ನಮ್ಮ ಊರಿನಲ್ಲಿ 8ರಲ್ಲೇ ಇರುವುದಿಲ್ಲ. ಅಂಗಡಿಯವರು 'ಸೀಸನ್ಡ್' ಅಂದಾಗ ಎಷ್ಟಕ್ಕೆ ಅಂತ ಕೇಳಿ, ನಿಮ್ಮ ಮನೆಯೊಳಗೆ ವರ್ಷಗಟ್ಟಲೆ ಇದ್ದ ಹಳೆಯ ಬಾಗಿಲಿಗೋ ಮಂಚಕ್ಕೋ ಸೂಜಿ ಊರಿ ಎಷ್ಟಿದೆ ನೋಡಿ. ನಮ್ಮ ಹಳೆಯ ಬೀರು ಬೇಸಿಗೆಯಲ್ಲಿ 11, ಮಳೆಗಾಲದಲ್ಲಿ 17 ತೋರಿಸುತ್ತದೆ. ಹಲಗೆ ಇವೆರಡರ ನಡುವೆ ಇದ್ದಾಗ ಹಾಕಿಸಬೇಕು.

ಇಷ್ಟೆಲ್ಲ ಆದ ಮೇಲೆ ಎಂಜಿನಿಯರ್ಡ್ ಮರದ ಕಡೆ ತಿರುಗಿದ್ದು. ಅದರ ತುಂಡನ್ನು ಅಡ್ಡದಿಂದ ನೋಡಿದರೆ ವಿಷಯ ಗೊತ್ತಾಗುತ್ತದೆ. ಮೇಲೆ ನಿಜವಾದ ಓಕ್ ಅಥವಾ ಸಾಗುವಾನಿಯ ಪದರ, ಅಡಿಯಲ್ಲಿ ಎಳೆ ಒಂದಕ್ಕೊಂದು ಅಡ್ಡವಾಗಿರುವಂತೆ ಅಂಟಿಸಿದ ಪ್ಲೈ. ಒಂದು ಪದರ ಹಿಗ್ಗಲು ಹೋದರೆ ಅಡ್ಡ ಎಳೆಯ ಪದರ ಅದನ್ನು ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಚಲನೆ ಬಹಳ ಕಡಿಮೆ. ಮಾವ ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಪದರ ಎಣಿಸಿದರು. "ಮೇಲೆ ಕಾಣೋದು ಇಷ್ಟೇ ಇಷ್ಟು. ಉಳಿದದ್ದು ಪ್ಲೈವುಡ್ಡು. ಇದಕ್ಕೆ ದುಡ್ಡು ಕೊಡ್ತೀರಾ?" ಆ 'ಇಷ್ಟೇ ಇಷ್ಟು' ಎಷ್ಟು ಅನ್ನುವುದರ ಮೇಲೇ ಎಲ್ಲ ನಿಂತಿದೆ ಅಂತ ಆಮೇಲೆ ಅಂಗಡಿ ಸುತ್ತುವಾಗ ಗೊತ್ತಾಯಿತು.

ಬೆಂಗಳೂರಿನ ಒಂದು ಅಂಗಡಿಯಲ್ಲಿ 'ವುಡನ್ ಫ್ಲೋರಿಂಗ್' ಅಂತ ಚದರ ಅಡಿಗೆ ₹140ಕ್ಕೆ ತೋರಿಸಿದ್ದು ಲ್ಯಾಮಿನೇಟ್. ಮರದ ಪುಡಿಯ ಹಲಗೆಯ ಮೇಲೆ ಮರದ ಚಿತ್ರ ಅಚ್ಚು ಹಾಕಿದ ಕಾಗದ. ಅದನ್ನು ನಾನಾಗಿ ಕೇಳುವವರೆಗೆ ಅವರು ಹೇಳಲಿಲ್ಲ. ಗುರುತಿಸುವುದು ಸುಲಭ: ಐದಾರು ಹಲಗೆ ಪಕ್ಕಪಕ್ಕ ಇಟ್ಟರೆ ಅದೇ ಗಂಟು, ಅದೇ ಗೀರು ಮತ್ತೆ ಮತ್ತೆ ಬರುತ್ತದೆ. ಇನ್ನೊಂದು ಕಡೆ ತೋರಿಸಿದ್ದು ಎಂಜಿನಿಯರ್ಡೇ ಹೌದು, ಆದರೆ ಮೇಲಿನ ಮರದ ಪದರ ಒಂದು ಮಿಲಿಮೀಟರ್ ಕೂಡ ಇಲ್ಲ. ಗೀರು ಬಿದ್ದರೆ ಉಜ್ಜಿ ಪಾಲಿಶ್ ಮಾಡಿಸುವ ಹಾಗಿಲ್ಲ. ಒಂದು ಸಲ ಉಜ್ಜಿದರೆ ಅರ್ಧದಿಂದ ಒಂದು ಮಿಲಿಮೀಟರ್ ಹೋಗುತ್ತದೆ. 4 ಮಿಲಿಮೀಟರ್ ಪದರ ಇದ್ದರೆ ಎರಡು-ಮೂರು ಸಲಕ್ಕೆ ಮೋಸವಿಲ್ಲ. ಗಟ್ಟಿ ಹಲಗೆಯಲ್ಲೂ ಕಚ್ಚಿನ ಮೇಲಿನ ಐದಾರು ಮಿಲಿಮೀಟರ್ ಮಾತ್ರ ಉಜ್ಜಲು ಸಿಗುತ್ತದೆ, ಅಡಿಯದ್ದೆಲ್ಲ ಲೆಕ್ಕಕ್ಕಿಲ್ಲ. ಇದನ್ನು ಮಾವನಿಗೆ ಚಿತ್ರ ಬರೆದು ತೋರಿಸಿದಾಗ ಅವರು ಮೊದಲ ಸಲ ಸುಮ್ಮನಾದರು.

ಕೊನೆಗೆ ಒಪ್ಪಿದ್ದು 15 ಮಿಲಿಮೀಟರ್ ದಪ್ಪ, 4 ಮಿಲಿಮೀಟರ್ ಓಕ್ ಪದರದ ಹಲಗೆ, ಚದರ ಅಡಿಗೆ ₹520, ತೆರಿಗೆ ಬೇರೆ. ಸಾಗುವಾನಿ ಪದರದ್ದೂ ಇತ್ತು, ಆದರೆ ದರ ಜಾಸ್ತಿ, ಓಕ್ ಸಾಗುವಾನಿಗಿಂತ ಗಟ್ಟಿ ಕೂಡ. ಅಂಟಿನ ವಾಸನೆಯ ವಿಷಯದಲ್ಲಿ ಪೆಟ್ಟಿಗೆಯ ಮೇಲೆ ಇ1 ಅಥವಾ ಇ0 (ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಕಡಿಮೆ ಹೊರಬರುವ ದರ್ಜೆ) ಇದೆಯೇ ನೋಡಿಕೊಳ್ಳಿ. ಮಲಗುವ ಕೋಣೆಗೆ ಹಾಕುವುದು.

ವಾರಂಟಿ ಕಾಗದವನ್ನು ದುಡ್ಡು ಕೊಡುವ ಮೊದಲು ಓದಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಓದಿದೆ. 25 ವರ್ಷದ ವಾರಂಟಿ, ಆದರೆ ಮನೆಯೊಳಗಿನ ಗಾಳಿಯ ಆರ್ದ್ರತೆ ಸದಾ ಶೇಕಡಾ 35ರಿಂದ 65ರ ನಡುವೆ ಇರಬೇಕು. ಕೋಣೆಯಲ್ಲಿ ತೂಗುಹಾಕಿದ ₹500ರ ಆರ್ದ್ರತೆ ಮಾಪಕ ಜುಲೈನಲ್ಲಿ 88 ತೋರಿಸುತ್ತಿತ್ತು. ಅಂದರೆ ನಮ್ಮ ಊರಿಗೆ ಆ ವಾರಂಟಿ ಕಾಗದವೇ ಹೊರತು ಮತ್ತೇನಲ್ಲ. ಇದನ್ನು ಎದುರಿಗಿಟ್ಟು ಕೇಳಿದ ಮೇಲೆ ಒಬ್ಬ ಡೀಲರ್ ಮಾತ್ರ ನೇರವಾಗಿ ಮಾತಾಡಿದರು: ಫೋಮ್ ಹಾಸಿ ತೇಲುವಂತೆ ಜೋಡಿಸುವುದು ಬೇಡ, ಹಿಗ್ಗಿ ಕುಗ್ಗುವ ಗುಣದ ಪಿಯು (ಪಾಲಿಯುರೆಥೇನ್) ಅಂಟಿನಲ್ಲಿ ಪೂರ್ತಿ ನೆಲಕ್ಕೆ ಕೂರಿಸೋಣ, ಮಳೆಗಾಲಕ್ಕೆ ಗಾಳಿಯ ತೇವ ಹೀರುವ ಒಂದು ಡಿಹ್ಯೂಮಿಡಿಫೈಯರ್ ಇಟ್ಟುಕೊಳ್ಳಿ. ಅವರಿಗೇ ಆರ್ಡರ್ ಕೊಟ್ಟೆವು.

ಮುಂದಿನ ಅಡ್ಡಿ ಕಾಂಕ್ರೀಟಿನದು. ನೋಡಲು ಒಣಗಿತ್ತು, ಮುಟ್ಟಿದರೂ ಒಣಗಿತ್ತು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ಒಳಗೆ ಸಣ್ಣ ಹನಿಗಳು, ಅಡಿಯ ಕಾಂಕ್ರೀಟ್ ಕಪ್ಪಾಗಿತ್ತು. ಇಂಚಿಗೆ ಒಂದು ತಿಂಗಳು ಒಣಗಬೇಕು ಅನ್ನುವುದು ಈ ಕೆಲಸದವರ ಮಾತು. ಮಲೆನಾಡಿನ ಮಳೆಗಾಲದ ತಿಂಗಳುಗಳನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಗೃಹಪ್ರವೇಶಕ್ಕೆ ಕಾರ್ತಿಕದ ಮುಹೂರ್ತ ನೋಡಿಯಾಗಿತ್ತು. ನೆಲವಿಲ್ಲದೆಯೇ ಗೃಹಪ್ರವೇಶ ಮಾಡಿದೆವು, ನೆಂಟರಿಗೆ ಮೇಲೆ ಸಿಮೆಂಟಿನ ಮೇಲೇ ಚಾಪೆ ಹಾಸಿ ಮಲಗಿಸಿದ್ದಾಯಿತು. ಅಮ್ಮ ಊರಿನಿಂದ ಬಂದವಳು "ಇಷ್ಟು ಖರ್ಚು ಮಾಡಿ ಇದೇನೇ" ಅಂತ ಎಲ್ಲರೆದುರು ಕೇಳಿದಳು. ಆ ದಿನ ಸಿಟ್ಟು, ನಾಚಿಕೆ ಎರಡೂ ಆಗಿತ್ತು. ಸಂಕ್ರಾಂತಿಯ ಹೊತ್ತಿಗೆ ಪ್ಲಾಸ್ಟಿಕ್ಕಿನ ಒಳಮೈ ಒಣಗಿಯೇ ಇತ್ತು. ಆದರೂ ಧೈರ್ಯ ಸಾಲದೆ ತೇವ ತಡೆಯುವ ಎಪಾಕ್ಸಿ ಪ್ರೈಮರ್ ಎರಡು ಕೋಟ್ ಹೊಡೆಸಿದೆವು.

ಮಟ್ಟದ ವಿಷಯ ಮೇಸ್ತ್ರಿಗೆ ಮೊದಲೇ ಹೇಳಿಬಿಡಿ. ಟೈಲ್ಸ್ ಆದರೆ ಅಡಿಯ ಗಾರೆಯಲ್ಲಿ ಏರುತಗ್ಗು ಸರಿಹೋಗುತ್ತದೆ, ಮರಕ್ಕೆ ಆ ಅವಕಾಶವಿಲ್ಲ. ಆರಡಿ ಮಟ್ಟಗೋಲು ಇಟ್ಟರೆ ಅಡಿಯಲ್ಲಿ ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದಿ ಕಾಣಬಾರದು. ನಮ್ಮ ನಡುವಿನ ಕೋಣೆಯಲ್ಲಿ ಹೆಬ್ಬೆರಳು ತೂರುವಷ್ಟಿತ್ತು. ಅದನ್ನು ಸರಿಮಾಡುವ ಲೆವೆಲಿಂಗ್ ಪುಡಿಗೇ ಹತ್ತಿರ ಹತ್ತಿರ ₹20,000 ಹೋಯಿತು.

ಹಲಗೆಯ ಪೆಟ್ಟಿಗೆಗಳು ಬಂದ ಕೂಡಲೇ ಹಾಕಿಸಬೇಡಿ. ಕೋಣೆಯಲ್ಲೇ ಕೆಲವು ದಿನ ಇಟ್ಟು ಮನೆಯ ಗಾಳಿಗೆ ಹೊಂದಿಕೊಳ್ಳಲು ಬಿಡಬೇಕು. ಆ ದಿನಗಳಲ್ಲಿ ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ ನೋಡಿ. ನಮಗೆ ಬಂದದ್ದರಲ್ಲಿ ನಾಲ್ಕು ಪೆಟ್ಟಿಗೆ ಬೇರೆ ಬ್ಯಾಚಿನವು, ಬಣ್ಣ ಒಂದು ಛಾಯೆ ಹಳದಿ. ಬದಲಿಸಿ ತರಿಸಿಕೊಳ್ಳಲು ಮತ್ತೆ ಕಾದೆವು. ಹಾಕುವ ಹುಡುಗರು ಬೆಂಗಳೂರಿನಿಂದ ಬಂದು ನಮ್ಮಲ್ಲೇ ಉಳಿದರು. ಒಂದೇ ಪೆಟ್ಟಿಗೆಯಿಂದ ಸಾಲಾಗಿ ತೆಗೆಯದೆ ಐದಾರು ಪೆಟ್ಟಿಗೆ ಒಟ್ಟಿಗೆ ಒಡೆದು ಬೆರೆಸಿ ಹಾಕುತ್ತಿದ್ದರು, ಹಾಗೆ ಮಾಡಿದರೆ ಬಣ್ಣ ಒಂದೇ ಕಡೆ ಗುಂಪಾಗುವುದಿಲ್ಲ. ಹಲಗೆ ದಾರಂದಕ್ಕೆ ಒತ್ತಿ ನಿಲ್ಲಬಾರದು. ದಾರಂದದ ಬುಡವನ್ನೇ ಹಲಗೆಯ ದಪ್ಪಕ್ಕೆ ಕೊಯ್ದು ಅದರಡಿಗೆ ಹಲಗೆ ತೂರಿಸಿದರು. ಗೋಡೆಯ ಸುತ್ತ 12 ಮಿಲಿಮೀಟರ್ ಬಿಟ್ಟು ಅದನ್ನು ಸ್ಕರ್ಟಿಂಗ್‌ನಿಂದ ಮುಚ್ಚಿದರು. ಸ್ಕರ್ಟಿಂಗ್‌ಗೆ ಮೊಳೆ ಹೊಡೆಯುವುದು ಗೋಡೆಗೆ, ನೆಲಕ್ಕಲ್ಲ. ಎಲ್ಲ ಬಾಗಿಲುಗಳ ಅಡಿಯನ್ನೂ ಆಚಾರ್ರು ಬಂದು ಹತ್ತರಿ ಹೊಡೆದು ಕೊಟ್ಟರು.

ಹಲಗೆ, ತೆರಿಗೆ, ಅಂಟು, ಪ್ರೈಮರ್, ಲೆವೆಲಿಂಗ್, ಕೂಲಿ, ಸಾಗಾಟ ಎಲ್ಲ ಸೇರಿ ₹5.6 ಲಕ್ಷ ದಾಟಿತು. ಮನೆಯ ಸಾಗುವಾನಿಯದ್ದೇ ಹಾಕಿಸಿದ್ದರೆ? ಕಡಿತ, ಸೀಳಿಕೆ, ಸೀಸನಿಂಗ್, ಅರ್ಧದಷ್ಟು ಮರದ ಖರೀದಿ, ಹಲಗೆಯ ಕೆಳಗೆ ಹಾಸಲು ನೀರು ತಡೆಯುವ 710 ದರ್ಜೆಯ ಪ್ಲೈ, ಹಾಕಿದ ಮೇಲೆ ಉಜ್ಜುವುದು, ಪಾಲಿಶ್: ಆಚಾರ್ರು ಮತ್ತು ನಾನು ಕೂತು ಬರೆದ ಲೆಕ್ಕ ₹4.5 ಲಕ್ಷದ ಹತ್ತಿರ ಬಂದಿತ್ತು. ಬಯಲುಸೀಮೆಯಲ್ಲಿ, ಹವೆ ಇಷ್ಟು ಏರಿಳಿಯದ ಕಡೆ, ಮರ ಬಲಿತದ್ದಾಗಿದ್ದು ಕಾಯುವ ಪುರುಸೊತ್ತಿದ್ದರೆ ನಾನು ಗಟ್ಟಿ ಮರವನ್ನೇ ಹಾಕಿಸುತ್ತಿದ್ದೆ. ಘಟ್ಟದ ಅಂಚಿನ ಕಾಂಕ್ರೀಟಿನ ಮೇಲೆ, ಇಲ್ಲ.

ಮಾವನ ಮರ ವ್ಯರ್ಥವಾಗಲಿಲ್ಲ. ಮೆಟ್ಟಿಲಿನ ಹಲಗೆಗಳೆಲ್ಲ ಅದರದೇ, ಸ್ಕರ್ಟಿಂಗ್ ಕೂಡ. ಮೆಟ್ಟಿಲಿನಲ್ಲಿ ಪ್ರತಿ ಹಲಗೆಯೂ ಬಿಡಿ, ಹಿಗ್ಗಿದರೂ ಪಕ್ಕದ್ದನ್ನು ನೂಕುವುದಿಲ್ಲ. ಸಾಗುವಾನಿಯಲ್ಲಿ ಎಣ್ಣೆ ಇರುವುದರಿಂದ ಅಂಟು, ಪಾಲಿಶ್ ಸರಿಯಾಗಿ ಹಿಡಿಯುವುದಿಲ್ಲ; ಹಚ್ಚುವ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ ಅಂತ ಆಚಾರ್ರು ಹೇಳಿದ್ದನ್ನು ಇಲ್ಲೂ ದಾಖಲಿಸುತ್ತೇನೆ.

ಇನ್ನು ಆಗಸ್ಟ್‌ನ ವಿಷಯ. ನೆಲ ಎದ್ದಿಲ್ಲ, ಬಾಗಿಲು ಹಿಡಿದಿಲ್ಲ. ಪಡುವಣ ಕಿಟಕಿಯ ಬಳಿ ಮಾತ್ರ ಎರಡು ಹಲಗೆಯ ಅಂಚು ಕೂದಲೆಳೆಯಷ್ಟು ಮೇಲೆದ್ದಿದೆ, ಬೆರಳಾಡಿಸಿದರೆ ತಿಳಿಯುತ್ತದೆ. ಅಲ್ಲಿ ಎರಚಲು ನೀರು ಬಿದ್ದು ಒಂದು ರಾತ್ರಿ ನಿಂತಿತ್ತು. ಎಂಜಿನಿಯರ್ಡ್ ಅಂದರೆ ನೀರಿಗೆ ಜಗ್ಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗಾಳಿಯ ತೇವವನ್ನು ತಡೆದುಕೊಳ್ಳುತ್ತದೆ, ನಿಂತ ನೀರನ್ನಲ್ಲ. ಆ ಕಿಟಕಿಗೆ ಈಗ ಹೊರಗಿನಿಂದ ತಗಡಿನ ಸಜ್ಜಾ ಹಾಕಿಸಿದ್ದೇವೆ. ಡಿಹ್ಯೂಮಿಡಿಫೈಯರ್ ದಿನಕ್ಕೆ ಕೆಲವು ಗಂಟೆ ಓಡಿಸಿದರೆ ಆರ್ದ್ರತೆ 70ರ ಸುತ್ತ ನಿಲ್ಲುತ್ತದೆ, ಕರೆಂಟ್ ಇದ್ದರೆ. ಅದರ ತೊಟ್ಟಿ ತುಂಬಿದಾಗೆಲ್ಲ ಮಾವ ಆ ನೀರನ್ನು ಒಯ್ದು ತುಳಸಿಗೆ ಹಾಕುತ್ತಾರೆ.

ಒರೆಸುವುದೇ ದಿನದ ಜಗಳ. ಬಕೆಟ್ ನೀರು, ಒದ್ದೆ ಬಟ್ಟೆ ಇಲ್ಲದೆ ನೆಲ ಶುದ್ಧವಾಗುವುದು ಹೇಗೆ ಅನ್ನುವುದು ಅತ್ತೆಯ ವಾದ. ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ ಕೂಡಲೇ ಒಣಬಟ್ಟೆ ಆಡಿಸುವುದು ಅಂತ ರಾಜಿಯಾಗಿದೆ. ಫಿನಾಯಿಲ್ ಇಲ್ಲ, ಹಬ್ಬಕ್ಕೆ ಮೇಲೆ ರಂಗೋಲಿಯೂ ಇಲ್ಲ. ಮಂಚ, ಕುರ್ಚಿಗಳ ಕಾಲಿಗೆ ಫೆಲ್ಟ್ ಅಂಟಿಸಿದ್ದೇವೆ.

ಕೊಳ್ಳುವಾಗ ಅದೇ ಬ್ಯಾಚಿನ ಎರಡು ಪೆಟ್ಟಿಗೆ ಹೆಚ್ಚಿಗೆ ತೆಗೆದುಕೊಳ್ಳಿ. ಮುಂದೆ ಒಂದು ಹಲಗೆ ಹಾಳಾದರೆ ಅದೇ ಬಣ್ಣ ಸಿಗುವುದಿಲ್ಲ. ನಮ್ಮವು ಬೀರುವಿನ ಮೇಲಿವೆ, ನೆಲದ ಮೇಲೆ ಇಡಬೇಡಿ.